ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ

ಬೆಳಕು ಹರಿಯುವ ಮೊದಲು ಆ ಮನೆಯಲ್ಲಿ ಆಗಬೇಕಾದ ಕೆಲಸಗಳು ಇವು.

ನಲ್ಲಿಯಲ್ಲಿ ನೀರು ಬಂತೇ ಎಂದು ಕಿವಿ ತೆರೆದಿಟ್ಟು ಮಲಗುವುದು. ಇದನ್ನು ಯಾರೂ ಕೆಲಸವೆಂದು ಒಪ್ಪುವುದಿಲ್ಲ. ಆದರೆ ಹಾಗೆ ಮಾಡುವ ನಿದ್ದೆ ನಿದ್ದೆಯಲ್ಲ, ಕಾವಲು. ನೀರಿನ ಸದ್ದಾದೊಡನೆ ಎದ್ದು ಡ್ರಮ್ಮು, ಕೊಡ, ಬಕೆಟ್ಟುಗಳನ್ನು ತುಂಬುವುದು. ಎಲ್ಲರೂ ಮಲಗಿದ ಮೇಲೂ ಹೇಗೋ ಸಿಂಕಿಗೆ ಬಂದು ಸೇರಿಕೊಂಡಿರುವ ಲೋಟಗಳನ್ನು ಸದ್ದಾಗದಂತೆ ತೊಳೆಯುವುದು. ಹಾಲು ಒಲೆಯ ಮೇಲಿಟ್ಟು, ಅದು ಉಕ್ಕುವುದರೊಳಗೆ ತರಕಾರಿ ಹೆಚ್ಚುವುದು. ಅಕ್ಕಿ ತೊಳೆದಿಡುವುದು. ಗಂಡನ ಸ್ನಾನಕ್ಕೆ ನೀರು ಕಾಯಲು ಹಾಕುವುದು. ಮಗನ ಡಬ್ಬಿಗೆ ಒಂದು ಬಗೆ, ಸೊಸೆಯ ಡಬ್ಬಿಗೆ ಇನ್ನೊಂದು ಬಗೆ. ಖಾರವಿಲ್ಲದಿದ್ದರೆ ಮಗನಿಗೆ ಗಂಟಲಲ್ಲಿ ಇಳಿಯದು, ಖಾರ ಬಿದ್ದರೆ ಸೊಸೆಗೆ ಎದೆಯುರಿ. ನಿವೃತ್ತರಾಗಿ ವರ್ಷಗಳಾದರೂ ಮೂಲೆಯಂಗಡಿಯಿಂದ ಪೇಪರು ತರಲು ಗರಿಗರಿ ಅಂಗಿಯೇ ಬೇಕೆನ್ನುವ ಗಂಡನ ಅಂಗಿಗೆ ಇಸ್ತ್ರಿ ಹಾಕುವುದು. ಈ ನಡುವೆ ತನಗೆಂದು ಒಂದು ಲೋಟ ಟೀ ಸೋಸಿಟ್ಟು, ಅದನ್ನು ಮರೆತು, ಆರಿ ಕೆನೆಗಟ್ಟಿದ ಮೇಲೆ ನೆನಪಾಗಿ, ನಿಂತೇ ಕುಡಿಯುವುದು.

ಇವಿಷ್ಟನ್ನೂ ಸೊಂಟ ಬಗ್ಗಿಸಿ ಮಾಡುವುದು. ಯಾಕೆಂದರೆ ಆ ಮನೆಯ ಅಡುಗೆ ಕಟ್ಟೆ ಗಿಡ್ಡ, ಅಲ್ಲಿ ನಿಲ್ಲುವವರು ಉದ್ದ.

ಅಲ್ಲಿ ನಿಲ್ಲುವವರು ಗಂಡನ ಬಾಯಲ್ಲಿ ‘ಇವಳೇ’. ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಗೃಹವಿಜ್ಞಾನ ಕಲಿಸಿದ ಅವರು ಹುಡುಗಿಯರ ಬಾಯಲ್ಲಿ ‘ಮೊಣಕೈ ಮೇಡಂ’.

ಹೆಸರು ಬಂದದ್ದು ಅವರ ಮೊದಲ ಪಾಠದಿಂದ. ಪ್ರತಿವರ್ಷ ಶಾಲೆ ತೆರೆದಾಗ ಮೇಡಂ ಒಲೆ ಹಚ್ಚಿಸುತ್ತಿರಲಿಲ್ಲ, ಸೂಜಿಗೆ ದಾರ ಪೋಣಿಸಿರೆಂದೂ ಹೇಳುತ್ತಿರಲಿಲ್ಲ. ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕರೆದು ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ, “ಕೈ ಮಡಚು” ಎನ್ನುತ್ತಿದ್ದರು. ಮಡಚಿದ ಮೊಣಕೈ ಕೆಳಗೆ ತಮ್ಮ ನಾಲ್ಕು ಬೆರಳನ್ನು ಅಡ್ಡಲಾಗಿ ಹಿಡಿದು, ಅದರಡಿಯಲ್ಲಿ ಪೆನ್ಸಿಲಿನಿಂದ ಗೋಡೆಯ ಮೇಲೊಂದು ಗೆರೆ ಎಳೆಯುತ್ತಿದ್ದರು.

“ಇದು ನಿನ್ನ ಅಡುಗೆ ಕಟ್ಟೆ. ಇದಕ್ಕಿಂತ ಕೆಳಗಿದ್ರೆ ಸೊಂಟ ಹೋಗುತ್ತೆ, ಮೇಲಿದ್ರೆ ಭುಜ ಹೋಗುತ್ತೆ. ನೀನು ಕಟ್ಟೆಗೆ ಬಗ್ಗೋದಲ್ಲ ಕಣೇ, ಕಟ್ಟೆ ನಿನಗೆ ಏಳ್ಬೇಕು.”

“ಬಾಡಿಗೆ ಮನೆ ಆದ್ರೆ ಏನ್ ಮಾಡೋದು ಮೇಡಂ? ಕಟ್ಟೆ ಒಡೆಯೋಕಾಗುತ್ತಾ?” ಎಂದು ಪ್ರತಿವರ್ಷವೂ ಒಬ್ಬ ಜಾಣೆ ಕೇಳುತ್ತಿದ್ದಳು.

“ಕಟ್ಟೆ ಒಡೆಯೋಕಾಗದಿದ್ರೆ ಆಳು ಬದಲಾಯ್ಸು. ಆ ಮನೇಲಿ ಯಾರ ಮೊಣಕೈಗೆ ಅದು ಸರಿ ಬರುತ್ತೋ ಅವರನ್ನ ನಿಲ್ಲಿಸು.”

ತರಗತಿ ಗೊಳ್ಳೆಂದು ನಗುತ್ತಿತ್ತು. ಮೇಡಂ ಕೂಡ ನಗುತ್ತಿದ್ದರು. ಅದು ಜೋಕು ಎಂದೇ ಅವರೂ ತಿಳಿದಿದ್ದರು.

ಈ ವಿಷಯವನ್ನು ಅವರು ಆರಿಸಿಕೊಂಡದ್ದಲ್ಲ. ರಸಾಯನಶಾಸ್ತ್ರ ಓದಬೇಕೆಂದಿದ್ದರು. ಅಪ್ಪ ಗೃಹವಿಜ್ಞಾನಕ್ಕೆ ಸೇರಿಸಿದರು: “ಓದಿದ ಹಾಗೂ ಆಯ್ತು, ಗಂಡನ ಮನೆಗೆ ತಯಾರಾದ ಹಾಗೂ ಆಯ್ತು. ಸ್ವಾಮಿಕಾರ್ಯ, ಸ್ವಕಾರ್ಯ.” ಮುಖ ಊದಿಸಿಕೊಂಡೇ ಕಾಲೇಜಿಗೆ ಹೋದ ಹುಡುಗಿಗೆ ಅಲ್ಲಿ ಒಬ್ಬ ಉಪನ್ಯಾಸಕಿ ಈ ಮೊಣಕೈ ಲೆಕ್ಕ ಹೇಳಿಕೊಟ್ಟರು. ಹುಡುಗಿ ಹಾಸ್ಟೆಲಿಗೆ ಹಿಂತಿರುಗುವ ದಾರಿಯುದ್ದಕ್ಕೂ ತನ್ನ ಕೈ ಮಡಚಿ ಬಿಚ್ಚಿ ನೋಡಿಕೊಂಡಿದ್ದಳು. ಅವಳ ಅವ್ವನ ಬೆನ್ನು ನಲವತ್ತಕ್ಕೇ ಗೂನಾಗಿತ್ತು. ‘ಹಣೆಬರಹ’ ಎಂದಿದ್ದರು ಎಲ್ಲರೂ. ಹಣೆಯಲ್ಲಿ ಏನೂ ಬರೆದಿರಲಿಲ್ಲ. ಕಟ್ಟೆ ಗಿಡ್ಡವಿತ್ತು, ಅಷ್ಟೆ! ಅಂದು ಬಂದ ಸಿಟ್ಟು ಅವರನ್ನು ಒಳ್ಳೆಯ ಮೇಡಂ ಮಾಡಿತು.

ಶಾಲೆಯಲ್ಲಿ ಆ ಸಿಟ್ಟಿಗೆ ಬೆಲೆಯಿತ್ತು. ಶಿಕ್ಷಕರ ಕೋಣೆಯಲ್ಲಿ ಗಣಿತದ ಮೇಷ್ಟ್ರು, “ಅಡುಗೆ ಮಾಡೋದಕ್ಕೂ ಒಂದು ವಿಜ್ಞಾನವಾ ಮೇಡಂ? ನಮ್ಮಜ್ಜಿ ಪಾಸಾಗದೆಯೇ ಮಾಡ್ತಿದ್ರು” ಎಂದು ಚುಚ್ಚಿದರೆ, “ನಿಮ್ಮಜ್ಜನೂ ಪಾಸಾಗದೆಯೇ ಲೆಕ್ಕ ಹಾಕ್ತಿದ್ರಲ್ಲ ಸಾರ್, ನಿಮಗ್ಯಾಕೆ ಸಂಬಳ?” ಎನ್ನುತ್ತಿದ್ದರು. ಮೇಲಧಿಕಾರಿಗಳು ತಪಾಸಣೆಗೆ ಬಂದಾಗಲೆಲ್ಲ ಹೆಡ್‌ಮಾಸ್ಟರು ಹೇಳಿ ಕಳಿಸುತ್ತಿದ್ದರು: ನಿಮ್ಮ ಹುಡುಗಿಯರ ಕೈಯಲ್ಲಿ ಟೀ ಮಾಡಿಸಿ. ಒಂದು ಸಲ ಮೇಡಂ ಜವಾನನ ಕೈಯಲ್ಲಿ ಮರುಮಾತು ಕಳಿಸಿದರು: “ಇವತ್ತಿನ ಪಾಠ ಟೀ ಅಲ್ಲ, ಸುಟ್ಟಗಾಯದ ಪ್ರಥಮ ಚಿಕಿತ್ಸೆ. ಸಾಹೇಬ್ರಿಗೆ ಅದು ಬೇಕಿದ್ರೆ ಕಳ್ಸಿಕೊಡಿ, ಕಲಿಸ್ತೀವಿ.” ಆಮೇಲೆ ಶಾಲೆಯಲ್ಲಿ ಟೀ ಎದುರಿನ ಹೋಟೆಲಿನಿಂದ ಬರತೊಡಗಿತು.

ಇಷ್ಟು ಬಾಯಿದ್ದ ಹೆಂಗಸು ಸಂಜೆ ಮನೆಗೆ ಬಂದು, ಚೀಲ ಮೊಳೆಗೆ ತಗುಲಿಸಿ, ಗಿಡ್ಡ ಕಟ್ಟೆಯ ಮುಂದೆ ಬಗ್ಗಿ ನಿಲ್ಲುತ್ತಿದ್ದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಬೇರೆ ಯಾರೂ ಆಡಿಕೊಳ್ಳಬೇಕಾಗಿರಲಿಲ್ಲ. ದಿನಾ ಅವರೇ ಅಂದುಕೊಳ್ಳುತ್ತಿದ್ದರು.

ಗಂಡ ಕಟ್ಟಡ ಇಲಾಖೆಯಲ್ಲಿ ನಕ್ಷೆ ಬರೆಯುವವರು. ಬೀದಿಯವರಿಗೆ ‘ನಕ್ಷೆ ಸಾರ್’. ಊರಿನ ನೌಕರರ ವಸತಿಗಳ ಅಡುಗೆಮನೆಗಳೆಲ್ಲ ಅವರ ಪೆನ್ಸಿಲಿನಿಂದ ಬಂದಂಥವು. ಅಲ್ಲಿ ನಿಲ್ಲುವವಳು ಎಷ್ಟೆತ್ತರ ಎಂದು ಅವರು ಯಾರನ್ನೂ ಕೇಳಿದವರಲ್ಲ. ಕೆಟ್ಟ ಮನುಷ್ಯರೇನಲ್ಲ, ಕೈ ಎತ್ತಿದವರಲ್ಲ, ಕುಡಿದವರಲ್ಲ, ಸಂಬಳ ಮುಚ್ಚಿಟ್ಟವರಲ್ಲ. ಅವರ ಹೆಂಡತಿ ದೂರಲು ಬಾಯಿ ತೆರೆದಾಗಲೆಲ್ಲ ಬೀದಿಯ ಹೆಂಗಸರು ಇದನ್ನೇ ಹೇಳಿ ಆ ಬಾಯಿ ಮುಚ್ಚಿಸಿದ್ದರು. “ಅಂಥಾ ಗಂಡನ್ನ ಇಟ್ಕೊಂಡು ಇನ್ನೇನ್ ಬೇಕ್ರೀ ನಿಮಗೆ?” ಬೇಕಾದದ್ದು ಒಂದು ಗೇಣು ಕಲ್ಲು. ಅದನ್ನು ಹೇಳಿದರೆ ನಗುತ್ತಿದ್ದರು.

ನಕ್ಷೆ ಸಾರ್ ಕುಳ್ಳಗಿದ್ದರು. ಅವರ ತಾಯಿಯೂ ಕುಳ್ಳಿ. ಒಂದೇ ಎರಕದಲ್ಲಿ ಹೊಯ್ದ ಎರಡು ಬೊಂಬೆಗಳ ಹಾಗೆ. ಮದುವೆಯ ಫೋಟೋ ತೆಗೆಯುವಾಗ ಛಾಯಾಗ್ರಾಹಕ ಹಿಂದೆ ಮುಂದೆ ನೋಡಿ, ಕಡೆಗೆ ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿದ. ಇಡೀ ಸಂಸಾರದಲ್ಲಿ ಹೆಂಡತಿ ಕೂತು ಗಂಡ ನಿಂತದ್ದು ಅದೊಂದೇ ಸಲ. ಅದಕ್ಕೂ ಸಾಕ್ಷಿಗೆ ಫೋಟೋ ಇದೆ.

ಸ್ವಂತ ಮನೆ ಕಟ್ಟಿಸುವಾಗ ಮೇಡಂ ಒಂದೇ ಒಂದು ಬೇಡಿಕೆ ಇಟ್ಟಿದ್ದರು. ಕಟ್ಟೆ ನನ್ನ ಮೊಣಕೈಯಿಂದ ನಾಲ್ಕು ಬೆರಳು ಕೆಳಗಿರಲಿ. ಗಂಡ ತಲೆಯಾಡಿಸಿದರು. ಶಾಲೆಯ ಪರೀಕ್ಷೆಗಳು ಮುಗಿದು ಮೇಡಂ ಬಂದು ನೋಡುವಷ್ಟರಲ್ಲಿ ಕಲ್ಲು ಕೂತಾಗಿತ್ತು, ಅತ್ತೆಯ ಅಳತೆಗೆ.

“ಅಮ್ಮ ದೊಡ್ಡೋರು, ಅವರಿಗೆ ಕೈ ಎಟುಕ್ಬೇಡ್ವಾ? ನೀನು ಸ್ವಲ್ಪ ಬಗ್ಗಿದ್ರೆ ಆಯ್ತು” ಎಂದರು ಗಂಡ.

ಅತ್ತೆ ಆ ಕಟ್ಟೆಯ ಮುಂದೆ ಹೆಚ್ಚು ಕಾಲ ನಿಲ್ಲಲಿಲ್ಲ. ಮನೆಗೆ ಬಂದ ಮರುವರ್ಷವೇ ಹಾಸಿಗೆ ಹಿಡಿದು, ಅದರ ಮುಂದಿನ ವರ್ಷ ತೀರಿಕೊಂಡರು. ಮೇಡಂ ಎರಡನೆಯ ಸಲ ಕೇಳಿದರು. “ಅಮ್ಮ ನಿಂತ ಜಾಗ. ಒಡೆಯೋಕೆ ಹೇಗೆ ಮನಸ್ಸು ಬರುತ್ತೆ ನಿನಗೆ?” ಎಂದು ಗಂಡನ ಕಣ್ಣು ತೇವವಾಯಿತು. ಆ ತೇವದ ಮುಂದೆ ಸೊಂಟನೋವಿನ ಮಾತು ಆಡಿದವಳು ರಾಕ್ಷಸಿಯಾಗುತ್ತಿದ್ದಳು. ಮೂರನೆಯ ಸಲ ಕೇಳಿದಾಗ ಮಗನ ಪರೀಕ್ಷೆ, ಧೂಳಾಗುತ್ತದೆ. ನಾಲ್ಕನೆಯ ಸಲ ಕೇಳಲಿಲ್ಲ. ಹಣ್ಣಿನಂಗಡಿಯಿಂದ ಒಂದು ಮರದ ಪೆಟ್ಟಿಗೆ ತಂದು, ಕಟ್ಟೆಯ ಮೇಲೆ ಬೋರಲು ಹಾಕಿ, ಅದರ ಮೇಲೆ ಹೆಚ್ಚುವ ಹಲಗೆ ಇಟ್ಟುಕೊಂಡರು. ನೆಂಟರು ಬಂದಾಗಲೆಲ್ಲ ಗಂಡ ಆ ಪೆಟ್ಟಿಗೆಯನ್ನು ಎತ್ತಿ ಹಿತ್ತಲಿಗೆ ಹಾಕುತ್ತಿದ್ದರು. “ಏನಿದು, ಅಂಗಡಿ ಇಟ್ಟ ಹಾಗೆ.” ಗೋಡೆ ಗಡಿಯಾರಕ್ಕೆ ಸೆಲ್ ಹಾಕಬೇಕಾದಾಗ ಮಾತ್ರ ಅದನ್ನೇ ಹುಡುಕಿ ತಂದು ಅದರ ಮೇಲೆ ಹತ್ತುತ್ತಿದ್ದರು. ಆಗ ಅದು ಅಂಗಡಿಯಂತೆ ಕಾಣುತ್ತಿರಲಿಲ್ಲ.

ಇಂಥ ಸಿಟ್ಟು ಹಾಲಿನಂತೆ ಉಕ್ಕಿ ಚೆಲ್ಲುವುದಿಲ್ಲ. ತಳ ಹಿಡಿಯುತ್ತದೆ. ಮೇಲಿನಿಂದ ನೋಡಿದವರಿಗೆ ಎಲ್ಲ ಬೆಳ್ಳಗೆ, ನೆಟ್ಟಗೆ. ಕೆರೆಯುವವಳಿಗಷ್ಟೇ ಗೊತ್ತು ಅಡಿಯಲ್ಲಿ ಎಷ್ಟು ಸೀದಿದೆ ಎಂದು.

ಮೇಡಂ ನಿವೃತ್ತರಾದರು. ಅದೇ ವರ್ಷ ಗಣಿತದ ಮೇಷ್ಟ್ರೂ ನಿವೃತ್ತರಾದದ್ದು. ಶಾಲೆಯವರು ಮೇಷ್ಟ್ರಿಗೆ ಒರಗುಕುರ್ಚಿ ಕೊಟ್ಟರು. ಮೇಡಂಗೆ ಕುಕ್ಕರು. ಎರಡಕ್ಕೂ ಒಂದೇ ಬಣ್ಣದ ಕಾಗದ ಸುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಚಿತ್ರಕಲಾ ಶಿಕ್ಷಕಿ ಮೇಡಂನ ತೊಡೆ ಚಿವುಟಿ, “ಅವರನ್ನ ಕುರ್ಚಿಯಲ್ಲಿ ಕೂರಿಸಿ, ನೀವು ಬೇಯಿಸಿ ಹಾಕಿ” ಎಂದು ಪಿಸುಗುಟ್ಟಿದಳು. ಆಮೇಲೆ, “ಇನ್ನು ಏನ್ ಮಾಡ್ತೀರಿ ಮೇಡಂ?” ಎಂದು ನಿಜವಾಗಿಯೂ ಕೇಳಿದಳು.

“ಬೆಳಗಾದ ಮೇಲೆ ಏಳ್ತೀನಿ” ಎಂದರು ಮೇಡಂ.

“ಅಷ್ಟೇನಾ?”

“ಅಷ್ಟೇ. ಕಿಟಕಿಗೆ ಬಿಸಿಲು ಬೀಳೋದನ್ನ ಹಾಸಿಗೆಯಿಂದ ನೋಡ್ಬೇಕು ಕಣೇ. ಒಂದು ದಿನಾನೂ ನೋಡಿಲ್ಲ.”

ನೋಡಲಾಗಲಿಲ್ಲ. ನಿವೃತ್ತಿಯ ಮರುವಾರವೇ ಪಾತ್ರೆ ತೊಳೆಯಲು ಬರುತ್ತಿದ್ದವಳನ್ನು ಗಂಡ ಬಿಡಿಸಿದರು. “ಇನ್ನೇನು, ನೀನು ಮನೇಲೇ ಇರ್ತೀಯಲ್ಲ.” ಮೊದಲು ತಿಂಡಿ ಮಾತ್ರ ಬೇಗ ಆಗಬೇಕಿತ್ತು, ಈಗ ಡಬ್ಬಿಗಳಿಗೆ ಮಧ್ಯಾಹ್ನದ ಅಡುಗೆಯೂ ಬೆಳಕಾಗುವ ಮೊದಲೇ. ಅಲ್ಲಿಯವರೆಗೆ ಸೊಸೆ ಆಸ್ಪತ್ರೆಯ ಪ್ರಯೋಗಾಲಯದ ಕೆಲಸಕ್ಕೆ ಹೋಗುವ ಮುನ್ನ ಅರ್ಧ ಅಡುಗೆ ತಾನು ಮಾಡುತ್ತಿದ್ದಳು. ಈಗ ಅವಳು ಒಂದು ದಿನ ಬಿಟ್ಟು ಒಂದು ದಿನ, ಆಮೇಲೆ ರಜೆಯ ದಿನ ಮಾತ್ರ, ಆಮೇಲೆ “ಅತ್ತೆ, ನೀವು ಮಾಡಿದ ಹಾಗೆ ನನಗೆ ಬರಲ್ಲ” ಎನ್ನುವಲ್ಲಿಗೆ ಬಂದಳು. ಹೊಗಳಿಕೆ. ಆ ಮನೆಯಲ್ಲಿ ಹೆಂಗಸನ್ನು ಕಟ್ಟಿಹಾಕಲು ಹಗ್ಗ ಬೇಕಾಗಿರಲಿಲ್ಲ. ಮೇಡಂಗೆ ಸೊಸೆಯ ಮೇಲೆ ಸಿಟ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಆ ಸಿಟ್ಟಿನ ಮೇಲೆಯೇ ಸಿಟ್ಟು ಬರುತ್ತಿತ್ತು. ದಿನವಿಡೀ ನಿಂತು ಯಾರದೋ ರಕ್ತ ಪರೀಕ್ಷಿಸಿ ಬರುವ ಹುಡುಗಿ ನುಣುಚಿಕೊಂಡರೆ ತಪ್ಪೇನು? ಅವಳು ನುಣುಚಿಕೊಂಡ ಜಾಗಕ್ಕೆ ಬೀಳುವುದು ಇನ್ನೊಬ್ಬ ಹೆಂಗಸೇ ಆಗಿರಬೇಕು ಎಂದು ಮಾಡಿಟ್ಟವರು ಯಾರು?

ಒಂದು ರಾತ್ರಿ ಊಟದ ಹೊತ್ತಿಗೆ ಮಗ ಮುಖವರಳಿಸಿ ಹೇಳಿದ: “ಅಮ್ಮ, ನಿನಗೊಂದು ಸರ್‌ಪ್ರೈಸ್. ಈ ಭಾನುವಾರ ಮೇಸ್ತ್ರಿ ಬರ್ತಾನೆ. ಅಡುಗೆ ಕಟ್ಟೆ ಒಡೆಸಿ ಹೊಸಾದು ಹಾಕಿಸ್ತಿದೀವಿ. ನಿನ್ನ ಎತ್ತರಕ್ಕೆ!”

ಬಡಿಸುತ್ತಿದ್ದ ಸೌಟು ಮೇಡಂ ಕೈಯಲ್ಲೇ ನಿಂತಿತು.

“ನಿನ್ನ ರಿಟೈರ್ಮೆಂಟಿಗೆ ನಮ್ಮ ಉಡುಗೊರೆ” ಎಂದ ಮಗ. “ನಾನು ಚಿಕ್ಕೋನಿದ್ದಾಗಿಂದ ಕೇಳ್ತಿದೀನಿ, ಕಟ್ಟೆ ಕಟ್ಟೆ ಅಂತ. ಇನ್ನು ಹಾಯಾಗಿ ನೆಟ್ಟಗೆ ನಿಂತು ಮಾಡ್ಬಹುದು. ಇನ್ನೂ ಇಪ್ಪತ್ತು ವರ್ಷ ನಿನ್ನ ಕೈರುಚಿ ನಮಗೆ ಗ್ಯಾರಂಟಿ!”

“ನಾನೂ ಒಪ್ಪಿದೆ” ಎಂದರು ಗಂಡ ಅನ್ನ ಕಲಸುತ್ತಾ, ದೊಡ್ಡ ತ್ಯಾಗ ಮಾಡಿದವರಂತೆ. “ಅಮ್ಮನ ನೆನಪು ಅಂತ ಇಷ್ಟು ದಿನ ಇಟ್ಕೊಂಡಿದ್ದೆ. ಆದ್ರೂ ಪಾಪ, ನಿನ್ನ ಸೊಂಟ.”

ಪಾಪ! ನೌಕರಿ ಮಾಡುತ್ತಾ ಎರಡೆರಡು ಪಾಳಿ ದುಡಿದು, ಬಗ್ಗಿ ಬಗ್ಗಿ, ರಾತ್ರಿ ಬಿಸಿನೀರ ಚೀಲ ಸೊಂಟಕ್ಕೆ ಕಟ್ಟಿಕೊಂಡು ಉತ್ತರಪತ್ರಿಕೆ ತಿದ್ದುತ್ತಿದ್ದ ಹೆಂಗಸು ಕೇಳಿದಾಗ ಸಿಗದ ಕಲ್ಲು, ಇನ್ನು ಇವಳು ಎಲ್ಲಿಗೂ ಹೋಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಬರುತ್ತಿದೆ. ಎತ್ತು ಗಾಣಕ್ಕೆ ಒಗ್ಗಿದ ಮೇಲೆ ನೊಗಕ್ಕೆ ಬಟ್ಟೆ ಸುತ್ತುತ್ತಾರಲ್ಲ, ಹಾಗೆ. ಇಪ್ಪತ್ತು ವರ್ಷ! ಮೇಡಂ ಸೌಟನ್ನು ಪಾತ್ರೆಗೆ ಬಿಟ್ಟ ಸದ್ದು ಮಾತ್ರ ಜೋರಾಯಿತು. “ಖುಷಿಗೆ ಮಾತೇ ಬರ್ತಿಲ್ಲ ನೋಡು” ಎಂದ ಮಗ ಹೆಂಡತಿಗೆ.

ಭಾನುವಾರ ಮೇಸ್ತ್ರಿ ಬಂದ. ಮಾತುಗಾರ. ಕಿವಿಯ ಹಿಂದೆ ಕೆಂಪು ಪೆನ್ಸಿಲು, ಸೊಂಟಕ್ಕೆ ಟೇಪು. ಹಳೇ ಕಟ್ಟೆಯನ್ನು ಅಂಗೈಯಿಂದ ತಟ್ಟಿ ನೋಡಿ, “ಆಹಾ, ಹಳೇ ಕಾಲದ ಕಲ್ಲು. ಇದನ್ನ ಒಡೆಯೋದು ಪಾಪದ ಕೆಲಸ. ಆದ್ರೆ ಪಾಪ ಮಾಡೋದೇ ನನ್ನ ಹೊಟ್ಟೆಪಾಡು” ಎಂದು ನಕ್ಕ. ಆಮೇಲೆ ಕೇಳಿದ: “ಸಾರ್, ಕಲ್ಲು ಒಂದೇ, ಎತ್ತರ ಒಂದೇ. ಆಮೇಲೆ ಅವರಿಗೆ ಎಟುಕಲಿಲ್ಲ, ಇವರಿಗೆ ಬಗ್ಗೋಕಾಗ್ಲಿಲ್ಲ ಅಂತ ನನ್ನ ಬೈಬಾರ್ದು. ಈ ಕಟ್ಟೆ ಮುಂದೆ ನಿಲ್ಲೋರು ಯಾರು? ಅವರನ್ನ ತಂದು ಇಲ್ಲಿ ನಿಲ್ಸಿ.”

ಅಡುಗೆಮನೆಯಲ್ಲಿ ಐದು ಜನರಿದ್ದರು. ಮೇಸ್ತ್ರಿಯನ್ನು ಬಿಟ್ಟರೆ ನಾಲ್ಕು. ಮೂರು ತಲೆಗಳು ಒಟ್ಟಿಗೆ ಒಂದೇ ಕಡೆ ತಿರುಗಿದವು. ಯಾರೂ ಯೋಚಿಸಲಿಲ್ಲ, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸೂರ್ಯಕಾಂತಿ ಹೂಗಳೂ ಅಷ್ಟು ಬೇಗ ತಿರುಗುವುದಿಲ್ಲ.

“ಚಿಕ್ಕಮ್ಮಾವ್ರದ್ದು ಬೇಡ್ವಾ?” ಎಂದ ಮೇಸ್ತ್ರಿ ಸೊಸೆಯನ್ನು ನೋಡಿ. “ನಾಳೆ ದಿನ ಇವರೇ ತಾನೆ ಮಾಡೋದು?”

ಸೊಸೆ ಎರಡು ಹೆಜ್ಜೆ ಹಿಂದೆ ಸರಿದಳು. “ಬೇಡ ಬೇಡ, ಅತ್ತೇದೇ ತಗೊಳ್ಳಿ. ನನ್ನ ಅಳತೆಗೆ ಹಾಕಿದ್ರೆ ಪಾಪ, ಅವರಿಗೆ ಮತ್ತೆ ಬಗ್ಗೋದಾಗುತ್ತೆ.”

ಅವಳ ಕಣ್ಣಲ್ಲಿ ಇದ್ದದ್ದು ಅಕ್ಕರೆಯಲ್ಲ, ಹೆದರಿಕೆ. ಪಾಠ ಒಪ್ಪಿಸಲು ಬಾರದ ಹುಡುಗಿ ಪಕ್ಕದವಳ ಹಿಂದೆ ಅಡಗುವಾಗ ಅವಳ ಕಣ್ಣಲ್ಲಿ ಇರುವಂಥದು. ಮೇಡಂಗೆ ಆ ನೋಟ ಚೆನ್ನಾಗಿ ಗೊತ್ತಿತ್ತು. ನಾನು ಒಲ್ಲೆ ಎಂದರೆ ಟೇಪು ಇವಳ ಕಡೆ ತಿರುಗುತ್ತದೆ. ಇವಳು ಒಲ್ಲೆ ಎಂದರೆ ನನ್ನ ಕಡೆ. ಟೇಪಿಗೆ ಇರುವುದು ಎರಡೇ ದಿಕ್ಕು.

“ಬನ್ನಿ ಅಮ್ಮಾವ್ರೇ, ಕಟ್ಟೆ ಪಕ್ಕ ಗೋಡೆಗೆ ಬೆನ್ನು ಕೊಡಿ. ಕೈ ಮಡಚಿ” ಎಂದ ಮೇಸ್ತ್ರಿ.

ಸಾವಿರಾರು ಹುಡುಗಿಯರಿಗೆ ಹೇಳಿದ ಮಾತು ತಿರುಗಿ ಬಂತು. ಮೇಡಂ ಗೋಡೆಗೆ ಬೆನ್ನು ಕೊಟ್ಟರು. ಕೈ ಮಡಚಿದರು. ಅಭ್ಯಾಸಬಲದಿಂದ ಇನ್ನೊಂದು ಕೈಯ ನಾಲ್ಕು ಬೆರಳು ತಾನಾಗಿಯೇ ಮೊಣಕೈ ಕೆಳಗೆ ಹೋಯಿತು. ಮೇಸ್ತ್ರಿ ಅದರಡಿಯಲ್ಲಿ ಕೆಂಪು ಗೆರೆ ಎಳೆದ. ಮೇಡಂ ಪಕ್ಕಕ್ಕೆ ಸರಿದು ನೋಡಿದರು. ಕೆಂಪು ಗೆರೆಗೂ ಹಳೇ ಕಟ್ಟೆಗೂ ನಡುವೆ ಹೆಚ್ಚುಕಡಿಮೆ ಒಂದು ಗೇಣು ಬರಿಗೋಡೆ. ಅಷ್ಟಗಲ ಜಾಗದಲ್ಲಿ ಅವರ ಬೆನ್ನುಹುರಿ, ಅವರ ಪ್ರಾಯ, ರಾತ್ರಿ ಮಗ್ಗುಲು ಬದಲಿಸುವಾಗ ಹಲ್ಲು ಕಚ್ಚಿ ನುಂಗಿದ ನರಳಿಕೆ ಎಲ್ಲವೂ ಹಿಡಿಸಿತ್ತು. ಇಷ್ಟೇ ಇಷ್ಟು. ಮೂರು ಸಾಲು ಇಟ್ಟಿಗೆ.

“ಅಬ್ಬಬ್ಬಾ, ಇಷ್ಟು ವ್ಯತ್ಯಾಸ ಇತ್ತಾ!” ಎಂದ ಮಗ ನಿಜವಾದ ಆಶ್ಚರ್ಯದಿಂದ. “ಅಮ್ಮ, ಹೇಳ್ಬಾರ್ದಿತ್ತಾ?”

ಮೇಡಂ ಮಗನ ಮುಖ ನೋಡಿದರು. ಅವನು ತಮಾಷೆ ಮಾಡುತ್ತಿರಲಿಲ್ಲ.

“ನಾಳೆ ಬೆಳಿಗ್ಗೆ ಬೇಗ ಬಂದು ಒಡೀತೀನಿ. ಕಟ್ಟೆ ಖಾಲಿ ಮಾಡಿಟ್ಟಿರಿ ಅಮ್ಮಾವ್ರೇ” ಎಂದು ಹೇಳಿ ಮೇಸ್ತ್ರಿ ಹೋದ. ಖಾಲಿ ಮಾಡುವ ಕೆಲಸವೂ ಅಮ್ಮಾವ್ರದೇ. ಒಲೆಯೊಂದನ್ನು ಬಿಟ್ಟು ಡಬ್ಬಗಳು, ಸೌಟುಗಳು, ಚಾಕುಗಳು, ಆ ಹಣ್ಣಿನ ಪೆಟ್ಟಿಗೆ ಎಲ್ಲವನ್ನೂ ಅವರು ಮಧ್ಯಾಹ್ನವಿಡೀ ಒಬ್ಬರೇ ಹೊತ್ತು ಊಟದ ಕೋಣೆಗೆ ಸಾಗಿಸಿದರು.

ಸಂಜೆ ಟೀಗೆಂದು ಅಡುಗೆಮನೆಗೆ ಹೋದಾಗ ಅಲ್ಲಿ ಗಂಡ ಇದ್ದರು. ಅಪರೂಪದ ದೃಶ್ಯ. ಕುಡಿಯುವ ನೀರನ್ನೂ ಕೂಗಿ ತರಿಸಿಕೊಳ್ಳುವವರು. ಖಾಲಿ ಕಟ್ಟೆಯ ಮೇಲೆ ದೊಡ್ಡ ಹಾಳೆ ಹಾಸಿ, ಅಳತೆಪಟ್ಟಿ ಹಿಡಿದು, ಹೊಸ ಅಡುಗೆಮನೆಯ ನಕ್ಷೆ ಬರೆಯುತ್ತಿದ್ದರು. ಹಳೇ ಚಟ. ನಾಲಿಗೆಯ ತುದಿ ತುಟಿಯ ಮೂಲೆಗೆ ಬಂದಿತ್ತು.

“ಮೇಸ್ತ್ರಿ ಗೆರೆ ವಾಲಿದೆ ನೋಡು. ಇವರನ್ನ ನಂಬಿದ್ರೆ ಕೆಟ್ಟ ಹಾಗೆ” ಎಂದರು ತಲೆಯೆತ್ತದೆ. “ಟೇಬಲ್ ಮೇಲೆಲ್ಲ ನಿನ್ನ ಡಬ್ಬಗಳು. ಅದಕ್ಕೇ ಇಲ್ಲಿ ಹಾಸ್ಕೊಂಡೆ. ಆದ್ರೂ ಏನು ಹಿತವಾಗಿದೆ ಅಂತೀಯ ಇಲ್ಲಿ ನಿಂತು ಬರೆಯೋಕೆ! ಆಫೀಸಿನ ಮೇಜೂ ಇಷ್ಟು ಹಿತವಾಗಿರ್ಲಿಲ್ಲ.”

ಮೇಡಂ ಟೀ ಪಾತ್ರೆ ಕೆಳಗಿಟ್ಟರು.

ಗಂಡ ನೆಟ್ಟಗೆ ನಿಂತಿದ್ದರು. ಬೆನ್ನು ಬಾಗಿರಲಿಲ್ಲ, ಭುಜ ಮೇಲೆದ್ದಿರಲಿಲ್ಲ. ಕುತ್ತಿಗೆ ಮಾತ್ರ ಚೂರು ಬಗ್ಗಿತ್ತು, ಎಷ್ಟು ಬೇಕೋ ಅಷ್ಟು. ಮಡಚಿದ ಕೈ ಹಾಳೆಯ ಮೇಲೆ ತೇಲಿಕೊಂಡು ಓಡಾಡುತ್ತಿತ್ತು. ಪಠ್ಯಪುಸ್ತಕದಲ್ಲಿ ‘ಸರಿಯಾದ ಭಂಗಿ’ ಎಂದು ಹಾಕಿರುವ ಚಿತ್ರದ ಹಾಗೆ. ಆ ಚಿತ್ರದಲ್ಲಿ ಸೀರೆಯುಟ್ಟ ಹೆಂಗಸು ಇರುತ್ತಾಳೆ, ಅಷ್ಟೇ ವ್ಯತ್ಯಾಸ.

“ಒಂದ್ನಿಮಿಷ ಹಾಗೇ ನಿಂತಿರ್ರೀ” ಎಂದರು ಮೇಡಂ.

“ಯಾಕೆ?”

“ಅಲ್ಲಾಡ್ಬೇಡಿ. ಜಿರಳೆ.”

ಗಂಡ ಕಲ್ಲಾದರು. ಮೇಡಂ ಹತ್ತಿರ ಹೋಗಿ, ಗಂಡನ ಮೊಣಕೈಗೂ ಕಟ್ಟೆಗೂ ನಡುವೆ ತಮ್ಮ ನಾಲ್ಕು ಬೆರಳು ತೂರಿಸಿದರು. ತೋರುಬೆರಳು ಮೊಣಕೈಗೆ ತಾಗಿತು. ಕಿರುಬೆರಳು ಕಲ್ಲಿಗೆ ತಾಗಿತು. ನಡುವೆ ಕೂದಲೆಳೆ ಜಾಗವಿರಲಿಲ್ಲ.

“ಹೋಯ್ತಾ?” ಎಂದರು ಗಂಡ ಉಸಿರು ಬಿಗಿಹಿಡಿದು.

“ಇಲ್ಲ. ಇಲ್ಲೇ ಇತ್ತು, ಇಷ್ಟು ದಿನವೂ ಇಲ್ಲೇ ಇತ್ತು” ಎಂದರು ಮೇಡಂ. “ನನಗೇ ಕಾಣಿಸಿರ್ಲಿಲ್ಲ.”

ಸಾವಿರ ಮೊಣಕೈ ಅಳೆದ ಕೈ ಒಬ್ಬ ಗಂಡಸಿನ ಮೊಣಕೈಯನ್ನೂ ಅಳೆದಿರಲಿಲ್ಲ. ಗಂಡಸಿಗೆ ಮೊಣಕೈ ಇದೆ ಎಂದು ಕಾಲೇಜಿನ ಉಪನ್ಯಾಸಕಿಗೂ ಹೊಳೆದಿರಲಿಲ್ಲ, ಪಠ್ಯಪುಸ್ತಕ ಬರೆದವರಿಗೂ ಹೊಳೆದಿರಲಿಲ್ಲ. ತನಗೂ ಹೊಳೆದಿರಲಿಲ್ಲವಲ್ಲ! ದಿನಾ ರಾತ್ರಿ ಪಕ್ಕದಲ್ಲೇ ಮಲಗಿದ್ದ ಮೊಣಕೈ. ಊಟಕ್ಕೆ ಕೂತಾಗ ತಟ್ಟೆಯ ಪಕ್ಕ ಊರಿರುತ್ತಿದ್ದ ಮೊಣಕೈ. ಈ ಮನೆಯ ಕಟ್ಟೆ ಗಿಡ್ಡವೆಂದು ಇಷ್ಟು ವರ್ಷ ಕಲ್ಲನ್ನು ಬೈದದ್ದು ಬರೀ ದಂಡ. ಕಲ್ಲು ಸರಿಯಾಗಿಯೇ ಇತ್ತು. ನಿಂತ ಆಳು ತಪ್ಪು.

ಮೇಡಂಗೆ ನಗು ಬಂತು. ಆ ನಗು ಗಂಟಲಿಗೆ ಬರುವಷ್ಟರಲ್ಲಿ ಬೇರೇನೋ ಆಗಿತ್ತು. ಟೀ ಪಾತ್ರೆಯನ್ನು ಸಿಂಕಿಗೆ ಕುಕ್ಕಿ ಅಂಗಳಕ್ಕೆ ಹೋಗಿ ನಿಂತರು. ಒಳಗಿನಿಂದ ಗಂಡ ಕೂಗಿದರು: “ಇವಳೇ, ಟೀ ಏನಾಯ್ತು?”

ರಾತ್ರಿ ಅವರು ಚೆನ್ನಾಗಿಯೇ ನಿದ್ದೆ ಮಾಡಿದರು. ಕಿವಿ ಮಾತ್ರ ಎಂದಿನಂತೆ ಎಚ್ಚರವಿತ್ತು. ನಲ್ಲಿಯಲ್ಲಿ ಮೊದಲು ಗಾಳಿ, ಆಮೇಲೆ ಕೆಮ್ಮು, ಆಮೇಲೆ ನೀರು. ಮೇಡಂ ಎದ್ದರು. ಹಿತ್ತಲ ಡ್ರಮ್ಮಿನ ಕಡೆ ಹೋಗದೆ ಅಡುಗೆಮನೆಗೆ ಹೋಗಿ ದೀಪ ಹಾಕಿದರು.

ಖಾಲಿ ಕಟ್ಟೆ. ಅದರ ಪಕ್ಕ ಗೋಡೆಯಲ್ಲಿ ಕೆಂಪು ಗೆರೆ. ಇನ್ನು ಸ್ವಲ್ಪ ಹೊತ್ತಿಗೆ ಮೇಸ್ತ್ರಿ ಸುತ್ತಿಗೆ ಹಿಡಿದು ಬರುತ್ತಾನೆ. ಆ ಗೆರೆ ಸುಂದರವಾಗಿತ್ತು, ಅದನ್ನು ಸುಳ್ಳೆನ್ನಲಾಗದು. ಪ್ರಾಯದಲ್ಲಿ ಅದಕ್ಕಾಗಿ ಅತ್ತಿದ್ದರು. ಒಂದು ಕ್ಷಣ ಮೇಡಂ ಗೋಡೆಗೆ ಬೆನ್ನು ಕೊಟ್ಟು ಕೈ ಮಡಚಿ ನೋಡಿದರು. ಆ ಎತ್ತರದಲ್ಲಿ ನಿಂತು ಹೆಚ್ಚಿದರೆ, ನಾದಿದರೆ, ಹೇಗಿರುತ್ತದೆ? ಹಿತವಾಗಿರುತ್ತದೆ. ಸೊಂಟ ಇನ್ನು ಯಾವ ತಕರಾರೂ ಮಾಡುವುದಿಲ್ಲ. ಆಮೇಲೆ ಯಾವ ಬಾಯಲ್ಲಿ ಒಲ್ಲೆ ಎನ್ನುವುದು? ಇನ್ನೇನು ಬೇಕು ನಿನಗೆ, ಕೇಳಿದ್ದು ಕೊಟ್ಟೆವಲ್ಲ, ಎಂದರೆ?

ಸೊಸೆಯ ಗೆರೆ ಎಲ್ಲಿ ಬರುತ್ತದೆಂದೂ ಅವರಿಗೆ ಗೊತ್ತಿತ್ತು. ಅವಳು ಈ ಮನೆಗೆ ಬಂದ ದಿನವೇ ಕಣ್ಣಳತೆ ಹಾಕಿದ್ದರು. ಕೆಂಪು ಗೆರೆಗಿಂತ ಮೂರು ಬೆರಳು ಕೆಳಗೆ. ಅಲ್ಲೊಂದು ಗೀಟು ಎಳೆದು ತಾನು ನುಣುಚಿಕೊಳ್ಳಬಹುದು. ಅತ್ತೆಯಾದವಳಿಗೆ ಆ ಹಕ್ಕನ್ನು ಲೋಕ ಧಾರಾಳವಾಗಿ ಕೊಟ್ಟಿದೆ. ಆ ಹುಡುಗಿ ಹಿಂದೆ ಸರಿದ ಎರಡು ಹೆಜ್ಜೆ ನೆನಪಾಯಿತು.

ಮೇಡಂ ಪಾತ್ರೆ ಉಜ್ಜುವ ತಂತಿನಾರು ತೆಗೆದುಕೊಂಡು, ಒದ್ದೆ ಮಾಡಿ, ಗೋಡೆಯ ಕೆಂಪು ಗೆರೆಯನ್ನು ಉಜ್ಜಿದರು. ಬಣ್ಣ ಕಿತ್ತು ಸುಣ್ಣ ಕಾಣುವವರೆಗೆ ಉಜ್ಜಿದರು. ಮೂಲೆಯಲ್ಲಿ ಸುತ್ತಿಟ್ಟಿದ್ದ ಗಂಡನ ನಕ್ಷೆಯನ್ನು ಬಿಚ್ಚಿ ನೋಡಿದರು. ಅಂದವಾದ ನಕ್ಷೆ. ಅದನ್ನು ಮತ್ತೆ ಸುತ್ತಿ, ಒಲೆಯ ಪಕ್ಕ ಗಂಡನ ಕೈಗೆ ಎಟುಕುವಲ್ಲಿ ಇಟ್ಟರು. ಆಮೇಲೆ ಮೊಳೆಗೆ ತೂಗುಹಾಕಿದ್ದ ಶಾಲೆಯ ಚೀಲದ ತಳದಲ್ಲಿ ತಡಕಿ ಒಂದು ತುಂಡು ಸೀಮೆಸುಣ್ಣ ತಂದು, ಕಟ್ಟೆಯ ಕಪ್ಪು ಕಲ್ಲಿನ ಮೇಲೆ, ಕೊನೆಯ ಬೆಂಚಿನವರಿಗೂ ಕಾಣುವ ಅಕ್ಷರದಲ್ಲಿ ಬರೆದರು:

ಮೇಸ್ತ್ರಿ, ಒಡೆಯಬೇಡ. ಕಟ್ಟೆ ಯಜಮಾನರ ಮೊಣಕೈಗೆ ಸರಿಯಾಗಿದೆ. ಇನ್ನು ಮೇಲೆ ಇಲ್ಲಿ ನಿಲ್ಲುವವರು ಅವರು.

ಬರೆದದ್ದನ್ನು ಒಂದು ಸಲ ಓದಿದರು. ಕೈಯ ಸುಣ್ಣವನ್ನು ಸೆರಗಿಗೆ ಒರೆಸಿಕೊಂಡರು. ಹಾಲು ಕಾಯಿಸಲಿಲ್ಲ. ಅಕ್ಕಿ ತೊಳೆಯಲಿಲ್ಲ. ಇಸ್ತ್ರಿಗೆ ತೆಗೆದಿಟ್ಟಿದ್ದ ಅಂಗಿಯನ್ನು ದಾಟಿ ಕೋಣೆಗೆ ಹೋದರು. ಹಿತ್ತಲಲ್ಲಿ ನಲ್ಲಿಯ ನೀರು ಖಾಲಿ ಡ್ರಮ್ಮಿನ ಪಕ್ಕದ ಕಲ್ಲಿನ ಮೇಲೆ ಧೋ ಎಂದು ಬೀಳುತ್ತಿತ್ತು. ಆ ಸದ್ದಿಗೆ ಕಾಲು ತಾನಾಗಿಯೇ ಅತ್ತ ತಿರುಗಿತು. ಮೇಡಂ ಅದನ್ನು ಎಳೆದು ತಂದು ಮಂಚದ ಮೇಲೆ ಹಾಕಿದರು.

ಪಕ್ಕದಲ್ಲಿ ಗಂಡ ಹೊರಳಿ, ನಿದ್ದೆಗಣ್ಣಲ್ಲೇ, “ಇವಳೇ, ನೀರು ಬಂತಾ?” ಎಂದರು.

ಮೇಡಂ ಕಿಟಕಿಯ ಕಡೆ ಮಗ್ಗುಲಾಗಿ, ಒಂದು ಕಿವಿಯನ್ನು ದಿಂಬಿಗೆ ಒತ್ತಿ, ಇನ್ನೊಂದರ ಮೇಲೆ ಹೊದಿಕೆ ಎಳೆದುಕೊಂಡರು. ಕಿಟಕಿ ಇನ್ನೂ ಕಪ್ಪಗಿತ್ತು. ಅದು ಬೆಳ್ಳಗಾಗುವುದನ್ನು ಕಾಯುತ್ತಾ ಕಣ್ಣು ಬಿಟ್ಟುಕೊಂಡೇ ಮಲಗಿದರು.